ಕುಪ್ಪಳಿ ಕವಿಮನೆ: ಕುವೆಂಪು ಬೆಳೆದ ಮನೆಯಲ್ಲಿ ಏನೇನಿದೆ? ಕಾದಂಬರಿಯಲ್ಲಿ ಮಾತ್ರ ಉಳಿದದ್ದು ಏನು?

ತೀರ್ಥಹಳ್ಳಿ: ಶಿವಮೊಗ್ಗ ಜಿಲ್ಲೆಯಲ್ಲಿ ಕುವೆಂಪು ಹೆಸರಿಗೆ ಬರ ಇಲ್ಲ. ಸೋಗಾನೆಯ ವಿಮಾನ ನಿಲ್ದಾಣಕ್ಕೆ ಅವರ ಹೆಸರು. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಅವರ ಹೆಸರು. ಶಿವಮೊಗ್ಗ ಪೇಟೆಯ ರಂಗಮಂದಿರಕ್ಕೂ ಅವರದ್ದೇ ಹೆಸರು. ಆದರೆ ಹೆಸರಷ್ಟೇ ಅಲ್ಲದೆ ಅವರು ಆಡಿ ಬೆಳೆದ ಜಗಲಿ, ಹತ್ತಿ ಇಳಿದ ಮೆಟ್ಟಿಲು ನೋಡಬೇಕು ಅಂದ್ರೆ ಕುಪ್ಪಳಿಗೇ ಹೋಗಬೇಕು. ಅಲ್ಲಿನ ಹಳೇ ಮನೆ ಈಗ 'ಕವಿಮನೆ' ಎಂಬ ವಸ್ತುಸಂಗ್ರಹಾಲಯ.

ಶಾಲೆ ಮಕ್ಕಳ ಪ್ರವಾಸದ ಬಸ್ಸು, ಆಗುಂಬೆ ಕಡೆ ಹೊರಟ ಕಾರು, ಬೈಕಿನಲ್ಲಿ ಬರೋ ಹುಡುಗರು ಎಲ್ಲರೂ ಇಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಹೆಚ್ಚಿನವರು ಮನೆ ಒಳಗೆ ಒಂದು ಸುತ್ತು ಹಾಕಿ, ಕವಿಶೈಲ ಹತ್ತಿ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಅಲ್ಲಿ ನಿಜವಾಗಿ ಏನಿದೆ, ಅದನ್ನು ಹೇಗೆ ನೋಡಬೇಕು ಅನ್ನುವುದಕ್ಕೆ ಈ ಮಾಹಿತಿ.

ಹುಟ್ಟಿದ್ದು ಇಲ್ಲಿ ಅಲ್ಲ, ಬೆಳೆದದ್ದು ಇಲ್ಲಿ

ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳಬೇಕು. ಕುಪ್ಪಳಿ ಕುವೆಂಪು ಹುಟ್ಟಿದ ಊರು ಅಂತ ಬಹಳ ಜನ ಹೇಳುತ್ತಾರೆ, ಬರೆಯುತ್ತಾರೆ. ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅದು ಈಗಿನ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲೂಕಿಗೆ ಸೇರುತ್ತದೆ. ಕುಪ್ಪಳಿ ತಂದೆಯ ಮನೆ. ತಂದೆ ವೆಂಕಟಪ್ಪ ಗೌಡರು, ತಾಯಿ ಸೀತಮ್ಮ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗೋದು ಮಲೆನಾಡಿನಲ್ಲಿ ಇವತ್ತಿಗೂ ಇರೋ ಪದ್ಧತಿ. ಹಾಗಾಗಿ ಹುಟ್ಟೂರಿನ ಹೆಮ್ಮೆ ಕೊಪ್ಪದವರದ್ದು, ಬೆಳೆದೂರಿನ ಹೆಮ್ಮೆ ತೀರ್ಥಹಳ್ಳಿಯವರದ್ದು.

ಪುಟ್ಟಪ್ಪನ ಮೊದಲ ಅಕ್ಷರಾಭ್ಯಾಸ ನಡೆದಿದ್ದು ಮನೆಯಲ್ಲೇ. ದಕ್ಷಿಣ ಕನ್ನಡ ಕಡೆಯಿಂದ ಬಂದಿದ್ದ ಐಗಳು ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆಗ ಅದಕ್ಕೆ ಕೂಲಿಮಠ ಅನ್ನುತ್ತಿದ್ದರು. ಆಮೇಲೆ ತೀರ್ಥಹಳ್ಳಿಯ ಎ.ವಿ. ಶಾಲೆ. ಹನ್ನೆರಡನೇ ವಯಸ್ಸಿಗೇ ತಂದೆ ತೀರಿಕೊಂಡರು. ಮುಂದೆ ಹೈಸ್ಕೂಲು ಓದಲು ಮೈಸೂರಿಗೆ ಹೋದವರು ಅಲ್ಲೇ ಮಹಾರಾಜ ಕಾಲೇಜು ಸೇರಿ, 1929ರಲ್ಲಿ ಎಂ.ಎ. ಮುಗಿಸಿ, ಮೇಷ್ಟ್ರಾಗಿ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 1994ರ ನವೆಂಬರ್ 11ರಂದು ಅಲ್ಲೇ ಕೊನೆಯುಸಿರೆಳೆದರು. ಅಂದ್ರೆ ಬದುಕಿನ ಬಹುಪಾಲು ಕಳೆದದ್ದು ಮೈಸೂರಿನಲ್ಲಿ. ಆದರೆ ಬರೆದದ್ದರಲ್ಲಿ ಬಹುಪಾಲು ಈ ಕುಪ್ಪಳಿ ಸುತ್ತಿನದ್ದೇ. 1936ರ 'ಕಾನೂರು ಹೆಗ್ಗಡಿತಿ', 1967ರ 'ಮಲೆಗಳಲ್ಲಿ ಮದುಮಗಳು' ಎರಡೂ ಕಾದಂಬರಿ ಮೈಸೂರಿನಲ್ಲಿ ಕೂತು ಬರೆದ ಮಲೆನಾಡು. 'ಮಲೆನಾಡಿನ ಚಿತ್ರಗಳು', ಆತ್ಮಕತೆ 'ನೆನಪಿನ ದೋಣಿಯಲ್ಲಿ' ಪುಸ್ತಕಗಳಲ್ಲೂ ಈ ಮನೆ, ಈ ಗುಡ್ಡ, ಈ ಮಳೆ ಮತ್ತೆ ಮತ್ತೆ ಬರುತ್ತವೆ.

ಮನೆ ಹೇಗಿದೆ?

ಹಿಂದೆ ಕಾಡು ತುಂಬಿದ ಗುಡ್ಡ, ಮುಂದೆ ತಗ್ಗು. ನಡುವೆ ಮೂರು ಅಂತಸ್ತಿನ ಹೆಂಚಿನ ಮನೆ. ಮಲೆನಾಡಿನ ಉಳ್ಳವರ ಮನೆಗಳ ಹಾಗೇ ಇದೂ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ಜಗಲಿಗೆ ದಪ್ಪ ಮರದ ಮುಂಡಿಗೆಗಳು. ಮುಂಡಿಗೆ ಅಂದ್ರೆ ಕಂಬ.

ಈ ಮನೆಯನ್ನು ಕಟ್ಟಿಸಿದ್ದು ಶೋಕಿಗಲ್ಲ, ಮಳೆಗೆ. ಜೂನ್‌ನಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡದ ಸೀಮೆ ಇದು. ಮಾಡು ಇಳಿಜಾರಾಗಿರೋದು, ಸೂರು ಗೋಡೆಯಿಂದ ಮುಂದಕ್ಕೆ ಚಾಚಿರೋದು ಎರಡೂ ಗೋಡೆ ನೆನೆಯದಿರಲಿ ಅಂತ. ನಡುವಿನ ತೊಟ್ಟಿಯಿಂದ ಒಳಗೆ ಬೆಳಕು, ಗಾಳಿ. ಬಿದ್ದ ನೀರು ಅಲ್ಲಿಂದಲೇ ಹೊರಗೆ ಹರಿದು ಹೋಗುತ್ತದೆ. ಅಡುಗೆ ಒಲೆ, ಬಚ್ಚಲ ಒಲೆಗಳ ಬಿಸಿ ಮತ್ತು ಹೊಗೆ ಮೇಲಕ್ಕೆ ಹತ್ತಿ ಅಟ್ಟ ಬೆಚ್ಚಗಿರುತ್ತದೆ. ಅಟ್ಟದಲ್ಲಿ ಇಟ್ಟ ಕಾಳುಕಡಿಗೆ ಬೂಷ್ಟು ಹಿಡಿಯಲ್ಲ. ಮಳೆಗಾಲಕ್ಕೆ ಮೊದಲೇ ಆರು ತಿಂಗಳ ಸೌದೆ, ಅಕ್ಕಿ, ಉಪ್ಪು, ಮೆಣಸು ಕೂಡಿಟ್ಟುಕೊಳ್ಳಬೇಕಿದ್ದ ಕಾಲದಲ್ಲಿ ಅಟ್ಟ, ಉಗ್ರಾಣಗಳೇ ಮನೆಯ ಜೀವ.

ಮರದ ಮನೆಗೆ ಶತ್ರುಗಳೂ ಕಮ್ಮಿ ಇಲ್ಲ. ಗೆದ್ದಲು, ಸೋರುವ ಹೆಂಚು, ಗೋಡೆಗೆ ಏರುವ ತೇವ. ಜನ ವಾಸ ಇಲ್ಲದ, ದಿನಾ ಒಲೆ ಉರಿಯದ ಮನೆ ಮಲೆನಾಡಲ್ಲಿ ಬಹಳ ಬೇಗ ಹಾಳಾಗುತ್ತದೆ. ಕುಪ್ಪಳಿ ಮನೆಯೂ ಹಾಗೇ ಹೋಗಬೇಕಿತ್ತು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಮನೆಯನ್ನು ದುರಸ್ತಿ ಮಾಡಿಸಿ, ಹಳೇ ರೂಪದಲ್ಲೇ ನಿಲ್ಲಿಸಿ, ಜನ ನೋಡುವಂತೆ ಮಾಡಿದೆ. ನೋಡಿಕೊಳ್ಳುತ್ತಿರುವುದೂ ಪ್ರತಿಷ್ಠಾನವೇ.

ಒಳಗೆ ಏನೇನಿದೆ?

ಕೆಳಗಿನ ಅಂತಸ್ತಿನಲ್ಲಿ ಸಂಸಾರದ ಸಾಮಾನು. ಅಡುಗೆಮನೆ, ಬಚ್ಚಲು, ಹಳೇ ಕಾಲದ ಪಾತ್ರೆ ಪಗಡ, ಅಳತೆಯ ಕೊಳಗ, ಸೇರು, ಗದ್ದೆ ತೋಟದ ಸಲಕರಣೆ ಇವನ್ನೆಲ್ಲ ಜೋಡಿಸಿಟ್ಟಿದ್ದಾರೆ. ಕುವೆಂಪು 1937ರಲ್ಲಿ ದೇವಂಗಿ ಮನೆತನದ ಹೇಮಾವತಿಯವರನ್ನು ಮದುವೆಯಾದರು. ಆ ಮದುವೆಯ ಮರದ ಮಂಟಪವೂ ಇಲ್ಲಿದೆ.

ಮೇಲಿನ ಅಂತಸ್ತುಗಳಲ್ಲಿ ಸಾಹಿತಿಯ ಸಾಮಾನು. ಕುಟುಂಬದ ಫೋಟೊಗಳು, ಅವರು ಬಳಸುತ್ತಿದ್ದ ವಸ್ತುಗಳು, ಬಟ್ಟೆ, ಪ್ರಶಸ್ತಿ ಫಲಕಗಳು, ಪುಸ್ತಕಗಳು. 'ಶ್ರೀ ರಾಮಾಯಣ ದರ್ಶನಂ' ಕೃತಿಗೆ 1955ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1967ರ ಜ್ಞಾನಪೀಠ, 1958ರಲ್ಲಿ ಪದ್ಮಭೂಷಣ, 1964ರಲ್ಲಿ ರಾಷ್ಟ್ರಕವಿ ಬಿರುದು, 1992ರಲ್ಲಿ ಕರ್ನಾಟಕ ರತ್ನ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಅವರೇ. ಈ ಪಟ್ಟಿ ಜನರಲ್ ನಾಲೆಡ್ಜ್ ಪುಸ್ತಕದಲ್ಲೂ ಸಿಗುತ್ತದೆ. ಆದರೆ ಕೆಳಗಿನ ಅಂತಸ್ತಿನ ಸಾಮಾನು ಯಾವ ಪುಸ್ತಕದಲ್ಲೂ ಕೈಗೆ ಸಿಗಲ್ಲ. ಆದ್ದರಿಂದ ಕೆಳಗೆ ಐದು ನಿಮಿಷ ಜಾಸ್ತಿ ನಿಲ್ಲೋದು ಒಳ್ಳೇದು.

ಮನೆ ಒಳಗೆ ಫೋಟೊ, ವಿಡಿಯೊ ತೆಗೆಯುವಂತಿಲ್ಲ.

2015ರ ಕಳ್ಳತನ

2015ರ ನವೆಂಬರ್‌ನಲ್ಲಿ ಕವಿಮನೆಗೆ ಕಳ್ಳರು ನುಗ್ಗಿದರು. ಸಿಸಿಟಿವಿ ಕ್ಯಾಮೆರಾ ಒಡೆದು, ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದುಕೊಂಡು ಹೋದರು. ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಭದ್ರತೆ ಎಲ್ಲಿ ಅಂತ ಜನ ಕೇಳಿದರು, ಪ್ರತಿಭಟನೆ ಆಯಿತು. ಮುಂದೆ ಪೊಲೀಸರು ಆರೋಪಿಗಳನ್ನು ಹಿಡಿದರು.

ಕಳ್ಳತನ ಸಣ್ಣ ಅಪರಾಧ ಅಂತ ಯಾರೂ ಹೇಳೋ ಹಾಗಿಲ್ಲ. ಆದರೆ ಒಂದು ಮಾತು. ಪದಕ ಸರ್ಕಾರ ಕೊಟ್ಟದ್ದು, ಕೊಟ್ಟದ್ದಕ್ಕೆ ದಾಖಲೆ ಇದೆ, ಅದು ಹೋದರೂ ಗೌರವ ಹೋಗಲ್ಲ. ಯಾವ ಪೆಟ್ಟಿಗೆಯಲ್ಲೂ ಬೀಗ ಹಾಕಿ ಇಡೋಕಾಗದ ಇನ್ನೊಂದು ಆಸ್ತಿ ಇದೆ. ಅದು ಈ ಮನೆಯ ಸಾಮಾನುಗಳ ಹೆಸರು, ಅವುಗಳ ಬಳಕೆ. ಅದು ಸದ್ದಿಲ್ಲದೆ ಹೋಗುತ್ತಿದೆ. ಅದಕ್ಕೆ ಯಾರೂ ದೂರು ಕೊಡಲ್ಲ.

ಶಬ್ದ ಗೊತ್ತಾಗಬೇಕಾದ್ರೆ ಸಾಮಾನು ನೋಡಬೇಕು

ಕುವೆಂಪು ಕಾದಂಬರಿ ಕೈಗೆತ್ತಿಕೊಂಡ ಈಗಿನ ಹುಡುಗ ಹುಡುಗಿಯರು ಹತ್ತು ಪುಟದಲ್ಲೇ ತಡವರಿಸೋದು ಶಬ್ದಗಳಿಗೆ. ಮಲೆನಾಡಿನಲ್ಲೇ ಹುಟ್ಟಿದವರಿಗೂ ಕೆಲವು ಗೊತ್ತಿರಲ್ಲ. ಮನೆ ನೋಡಲು ಹೋಗೋ ಮುಂಚೆ ಇಷ್ಟು ತಿಳಿದಿದ್ದರೆ ಓದೋದಕ್ಕೂ ಸುಲಭ, ನೋಡೋದಕ್ಕೂ ಸುಲಭ:

ಕೆಸರುಹಲಗೆ: ಜಗಲಿಯ ಅಂಚಿಗೆ, ಕಂಬದಿಂದ ಕಂಬಕ್ಕೆ ಹಾಸಿದ ಅಗಲದ ಹಲಗೆ. ಬಂದವರು ಕೂರೋದು ಇಲ್ಲೇ.

ಉಪ್ಪರಿಗೆ: ಮೇಲಂತಸ್ತು.

ಹಂಡೆ: ಬಚ್ಚಲ ಒಲೆ ಮೇಲೆ ಕೂರಿಸಿದ ದೊಡ್ಡ ತಾಮ್ರದ ಪಾತ್ರೆ. ಮಳೆಗಾಲದಲ್ಲಿ ಈ ಒಲೆ ಆರಿದ್ದೇ ಇಲ್ಲ ಅನ್ನಬಹುದು. ನೆಂದು ಬಂದವರು ಮೈ ಕಾಸೋದು, ಬಟ್ಟೆ ಒಣಗಿಸೋದು, ಹಲಸಿನ ಬೀಜ ಸುಡೋದು ಎಲ್ಲ ಅಲ್ಲೇ.

ಮರಿಗೆ: ಒಂದೇ ಮರದ ತುಂಡು ಕೊರೆದು ಮಾಡಿದ ಪಾತ್ರೆ.

ಕಂಬಳಿಕೊಪ್ಪೆ, ಗೊರಬು: ಮಳೆಗೆ ತಲೆ, ಬೆನ್ನು ಮುಚ್ಚಿಕೊಳ್ಳುವ ಸಾಧನ. ಕೊಪ್ಪೆ ಕಂಬಳಿ ಮಡಚಿ ಹಾಕಿಕೊಳ್ಳೋದು. ಗೊರಬು ಎಲೆ, ಬಿದಿರಿನಿಂದ ಹೆಣೆದದ್ದು, ಬಗ್ಗಿ ಸಸಿ ನೆಡುವಾಗ ಬೆನ್ನಿಗೆ.

ಹಾಳೆಟೊಪ್ಪಿ: ಅಡಿಕೆ ಹಾಳೆಯಿಂದ ಮಾಡಿದ ಟೋಪಿ.

ಮೆಟ್ಟುಗತ್ತಿ: ಮಣೆಗೆ ಸೇರಿಸಿದ ಕತ್ತಿ. ಅಡಿಕೆ ಸುಲಿಯಲು.

ಈ ಹೆಸರುಗಳನ್ನು ಹೇಳಬಲ್ಲ ಅಜ್ಜ ಅಜ್ಜಿಯರು ತಾಲೂಕಿನಲ್ಲಿ ಇನ್ನೂ ಇದ್ದಾರೆ. ಆದರೆ ಸುಲಿಯೋಕೆ ಮಷಿನ್ ಬಂದಿದೆ, ಹಂಡೆ ಜಾಗಕ್ಕೆ ಗೀಸರ್ ಬಂದಿದೆ, ಗೊರಬಿನ ಜಾಗಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ಅದು ತಪ್ಪಲ್ಲ. ನೆಂದು ಬೆನ್ನು ಮುರಿದುಕೊಂಡವರಿಗೇ ಗೊತ್ತು ಆ ಕಷ್ಟ. ಹಳೇ ತೊಟ್ಟಿಮನೆಗಳೂ ಹಿಸ್ಸೆಯಾಗಿ, ನೋಡಿಕೊಳ್ಳೋಕೆ ಆಗದೆ ಕಳಚಿ ಹೋಗುತ್ತಿವೆ. ಕಂಬ, ಬಾಗಿಲುಗಳನ್ನು ಹಳೇ ಸಾಮಾನಿನ ವ್ಯಾಪಾರದವರು ಕೊಂಡೊಯ್ಯುತ್ತಾರೆ. ಹಾಗಿರುವಾಗ ಒಂದು ಇಡೀ ಮನೆ, ಅದರ ಒಲೆಯಿಂದ ಅಟ್ಟದವರೆಗೆ, ಯಾರು ಬೇಕಾದರೂ ಒಳಗೆ ಬಂದು ನೋಡೋ ಹಾಗೆ ಉಳಿದಿರೋದು ಸಣ್ಣ ವಿಷಯ ಅಲ್ಲ.

ಉಳಿದದ್ದು ಗೌಡರ ಮನೆ, ಗುತ್ತಿಯ ಗುಡಿಸಲು ಅಲ್ಲ

ಇಲ್ಲಿ ನೋಡುವವರು ಮರೆಯಬಾರದ ಸಂಗತಿಯೊಂದಿದೆ. ಕುಪ್ಪಳಿಯಲ್ಲಿ ಉಳಿದಿರೋದು ಜಮೀನ್ದಾರ ಗೌಡರ ಮನೆ. ಗದ್ದೆ ತೋಟ, ಆಳುಕಾಳು ಇದ್ದ ಮನೆ. ಕಲ್ಲು, ಹೆಂಚು, ಗಟ್ಟಿ ಮರದಲ್ಲಿ ಕಟ್ಟಿದ್ದಕ್ಕೆ ಅದು ನೂರಾರು ಮಳೆಗಾಲ ತಡೆದುಕೊಂಡಿತು. ಈ ಥರದ ಮನೆಗಳ ಗದ್ದೆಯಲ್ಲಿ ಬಗ್ಗಿದವರು, ಕಟ್ಟಿಗೆ ಹೊತ್ತವರು, ಅಂಗಳದಾಚೆ ನಿಂತೇ ಮಾತಾಡಬೇಕಿದ್ದವರು ವಾಸ ಮಾಡಿದ್ದು ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಬಿಡಾರಗಳಲ್ಲಿ. ಅವು ಒಂದೆರಡು ಮಳೆಗೇ ಕರಗಿ ಹೋಗುವಂಥವು. ಅದಕ್ಕೆ ಕವಿಮನೆಯ ಹಾಗೆ ಅವನ್ನು ಯಾರೂ ಉಳಿಸಿಲ್ಲ, ಉಳಿಸೋಕೆ ಏನೂ ಇರಲಿಲ್ಲ.

ಆದರೆ ಕುವೆಂಪು ಅವನ್ನು ಬಿಡಲಿಲ್ಲ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಹೊಲೆಯರ ಕೇರಿಯ ನಾಯಿಗುತ್ತಿ, ತಿಮ್ಮಿ, ಗಟ್ಟದ ಕೆಳಗಿನಿಂದ ಕೂಲಿಗೆ ಬಂದ ಐತ, ಪೀಂಚಲು ಇವರೆಲ್ಲ ಗೌಡರ ಮನೆಯ ಮುಕುಂದಯ್ಯ, ಚಿನ್ನಮ್ಮರಷ್ಟೇ ಜಾಗ ಪಡೆದಿದ್ದಾರೆ. ಬೇಡದ ಮದುವೆ ತಪ್ಪಿಸಿಕೊಂಡು ರಾತ್ರಿ ಕಾಡಿಗೆ ಓಡುವ ಚಿನ್ನಮ್ಮನ ಪ್ರೀತಿ ಎಷ್ಟು ದೊಡ್ಡದೋ, ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಗುತ್ತಿಯ ಪ್ರೀತಿಯೂ ಅಷ್ಟೇ ದೊಡ್ಡದು. ಅವರ ಬಿಡಾರದ ಒಲೆ, ಹರಕು ಚಾಪೆ, ಹಸಿವು, ಹೆದರಿಕೆ, ನಗೆ ಎಲ್ಲ ಪುಟಗಳಲ್ಲಿದೆ. 'ಕಾನೂರು ಹೆಗ್ಗಡಿತಿ'ಯಲ್ಲೂ ಅಷ್ಟೇ. ಚಂದ್ರಯ್ಯ ಗೌಡರ ದರ್ಬಾರು, ಹೂವಯ್ಯನ ಜೊತೆ ಆಗುವ ಹಿಸ್ಸೆ, ಮೂರನೇ ಹೆಂಡತಿಯಾಗಿ ಬಂದ ಸುಬ್ಬಮ್ಮನ ಸಂಕಟ ಇವುಗಳ ಜೊತೆಗೇ ಸಾಲಕ್ಕೆ ಸಿಕ್ಕ ಒಕ್ಕಲುಗಳ, ಆಳುಗಳ ಕತೆ ಇದೆ.

ಅದಕ್ಕೂ ಮೊದಲೇ, 1928ರಲ್ಲಿ, ಬೀದಿ ಗುಡಿಸುವವನನ್ನು ನಡುವೆ ನಿಲ್ಲಿಸಿ 'ಜಲಗಾರ' ನಾಟಕ ಬರೆದವರು ಅವರು. 1944ರಲ್ಲಿ 'ಶೂದ್ರ ತಪಸ್ವಿ' ಬರೆದರು. ಜಮೀನ್ದಾರರ ಮನೆಯ ಹುಡುಗ ತನ್ನ ಮನೆಯ ಜಗಲಿ ಮೇಲೆ ಕೂತು ಅಂಗಳದಾಚೆ ನಿಂತವರನ್ನು ಕಂಡಿದ್ದ, ಮರೆಯಲಿಲ್ಲ.

ಹಾಗಾಗಿ ಮನೆ ಅರ್ಧ, ಕಾದಂಬರಿ ಅರ್ಧ. ಕವಿಮನೆಯ ಜಗಲಿ ಮೇಲೆ ನಿಂತಾಗ ಇಲ್ಲಿ ಯಾರು ಕೂರುತ್ತಿದ್ದರು ಅಂತ ಕೇಳಿಕೊಳ್ಳುವ ಜೊತೆಗೆ, ಯಾರಿಗೆ ಇಲ್ಲಿ ಹತ್ತೋ ಹಾಗಿರಲಿಲ್ಲ ಅಂತಲೂ ಕೇಳಿಕೊಂಡರೆ ಮನೆ ಪೂರ್ತಿ ನೋಡಿದ ಹಾಗೆ. ಮಕ್ಕಳನ್ನು ಕರೆದುಕೊಂಡು ಬರೋ ಮೇಷ್ಟ್ರುಗಳು ಇದೊಂದು ಮಾತು ಹೇಳಿದರೆ ಪ್ರವಾಸ ಸಾರ್ಥಕ.

ಮಂತ್ರ ಮಾಂಗಲ್ಯದ ಊರು

ಇನ್ನೊಂದು ಕಾರಣಕ್ಕೂ ಕುಪ್ಪಳಿ ಹೆಸರಾಗಿದೆ. ವರದಕ್ಷಿಣೆ, ಆಡಂಬರ, ಪುರೋಹಿತರು ಇಲ್ಲದೆ, ಗಂಡು ಹೆಣ್ಣು ಸಮಾನರು ಅಂತ ಪ್ರಮಾಣ ಓದಿ ಆಗುವ ಮದುವೆಗೆ ಕುವೆಂಪು 'ಮಂತ್ರ ಮಾಂಗಲ್ಯ' ಎಂಬ ರೂಪ ಕೊಟ್ಟರು. ಅವರ ಮಗ, ಸಾಹಿತಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ 1966ರಲ್ಲಿ ಕುಪ್ಪಳಿಯಲ್ಲಿ ಹೀಗೇ ಆಯಿತು. ಈಗಲೂ ಬೇರೆ ಬೇರೆ ಜಿಲ್ಲೆಗಳಿಂದ ಜೋಡಿಗಳು ಬಂದು ಇಲ್ಲಿನ ಹೇಮಾಂಗಣದಲ್ಲಿ ಮಂತ್ರ ಮಾಂಗಲ್ಯ ಮಾಡಿಕೊಳ್ಳುತ್ತಾರೆ. ಸಾಲ ಮಾಡಿ ಛತ್ರ ಬುಕ್ ಮಾಡುವ ಕಾಲದಲ್ಲಿ ಇದು ಬರೀ ಸಾಹಿತ್ಯದ ವಿಷಯ ಅಲ್ಲ, ಮನೆ ಖರ್ಚಿನ ವಿಷಯ.

ಕವಿಶೈಲ ಮತ್ತು ಸುತ್ತಮುತ್ತ

ಕವಿಶೈಲ: ಮನೆ ಪಕ್ಕದ ಗುಡ್ಡದ ಮೇಲಿನ ಬಂಡೆ. ಕುವೆಂಪು ಸಂಜೆ ಹೊತ್ತು ಬಂದು ಕೂರುತ್ತಿದ್ದ ಜಾಗ. ಅವರ ಅಂತ್ಯಸಂಸ್ಕಾರವಾದದ್ದೂ ಇಲ್ಲೇ, ಸಮಾಧಿಯೂ ಇಲ್ಲೇ. ಸುತ್ತ ದೊಡ್ಡ ದೊಡ್ಡ ಕಲ್ಲುಕಂಬ, ತೊಲೆಗಳನ್ನು ನಿಲ್ಲಿಸಿದ ಶಿಲಾ ಸ್ಮಾರಕ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ. ಬಂಡೆ ಮೇಲೆ ಕುವೆಂಪು ಜೊತೆ ಅವರ ಗುರುಗಳಾದ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಅವರ ಹೆಸರಿನ ಕೆತ್ತನೆ ಇದೆ. ಅದನ್ನು ನೋಡಿ ತಮ್ಮ ಹೆಸರೂ ಕೆತ್ತೋಕೆ ಹೋಗೋದು ಬೇಡ.

ತೇಜಸ್ವಿ ಸ್ಮಾರಕ: 2007ರಲ್ಲಿ ತೀರಿಕೊಂಡ ತೇಜಸ್ವಿ ಅವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ.

ನವಿಲುಕಲ್ಲು, ಸಿಬ್ಬಲುಗುಡ್ಡೆ: ಒಂದು ಸೂರ್ಯೋದಯಕ್ಕೆ ಹೆಸರಾದ ಗುಡ್ಡ, ಇನ್ನೊಂದು ತುಂಗೆಯ ದಂಡೆ. ಎರಡೂ ಕುವೆಂಪು ಬರಹದಲ್ಲಿ ಬರುವ ಜಾಗಗಳು.

ಶತಮಾನೋತ್ಸವ ಭವನ: ಕಾರ್ಯಕ್ರಮ, ಕಮ್ಮಟಗಳು ನಡೆಯುವ ಜಾಗ.

ಹೋಗೋದು ಹೇಗೆ? ಏನು ಗಮನಿಸಬೇಕು?

ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ದಾರಿಯಲ್ಲಿ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ತೀರ್ಥಹಳ್ಳಿಯಿಂದ ಕೊಪ್ಪ ರಸ್ತೆ ಹಿಡಿದು ಗಡಿಕಲ್ ಬಳಿ ಕುಪ್ಪಳಿ ಕಡೆಗೆ ತಿರುಗಬೇಕು. ಕೊಪ್ಪ ಕಡೆಯ ಬಸ್ಸಿನಲ್ಲಿ ಬರುವವರು ಗಡಿಕಲ್‌ನಲ್ಲಿ ಇಳಿದು ಆಟೊ ಕೇಳಬಹುದು. ವಾಪಸ್ ಬಸ್ಸಿನ ಟೈಮ್ ಇಳಿಯುವಾಗಲೇ ವಿಚಾರಿಸಿಕೊಳ್ಳಿ. ರೈಲಿನಲ್ಲಿ ಬರುವವರಿಗೆ ಶಿವಮೊಗ್ಗ ನಿಲ್ದಾಣವೇ ಅನುಕೂಲ.

ಮನೆ ನೋಡಲು ಟಿಕೆಟ್ ಇದೆ. ಸಂಜೆ ತಡವಾಗಿ ಹೋದರೆ ಕವಿಶೈಲದ ಸೂರ್ಯಾಸ್ತ ಸಿಗಬಹುದು, ಮನೆ ಒಳಗೆ ನೋಡಲು ಸಮಯ ಸಾಲಲ್ಲ. ಮೊದಲು ಮನೆ, ಆಮೇಲೆ ಕವಿಶೈಲ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಮನೆಯ ನಿಜವಾದ ಅಂದ ಕಾಣುತ್ತದೆ. ಜೊತೆಗೆ ಇಂಬಳವೂ ಸಿಗುತ್ತದೆ. ಕಲ್ಲು ಮೆಟ್ಟಿಲು ಪಾಚಿಗಟ್ಟಿರುತ್ತದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ. ಮಳೆ ಬೇಡ ಅನ್ನೋರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ.

ಡಿಸೆಂಬರ್ 29 ಕುವೆಂಪು ಜನ್ಮದಿನ. ರಾಜ್ಯ ಸರ್ಕಾರ ಇದನ್ನು ವಿಶ್ವಮಾನವ ದಿನ ಅಂತ ಆಚರಿಸುತ್ತದೆ. ಕುಪ್ಪಳಿಯಲ್ಲಿ ಅವತ್ತು ಪ್ರತಿಷ್ಠಾನದ ಕಾರ್ಯಕ್ರಮ ಇರುತ್ತದೆ, ಜನ ಜಾಸ್ತಿ. ಮನೆಯನ್ನು ನಿಧಾನಕ್ಕೆ ನೋಡಬೇಕು ಅನ್ನೋರು ಬೇರೆ ದಿನ ಹೋಗೋದು ಮೇಲು.

ಪ್ಲಾಸ್ಟಿಕ್ ಬಾಟಲಿ, ತಿಂಡಿ ಪೊಟ್ಟಣ ಗುಡ್ಡದಲ್ಲಿ ಬಿಸಾಡಬೇಡಿ. ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ, ಕವಿಶೈಲ ಹತ್ತೋಕೆ ಆಗದಿದ್ದರೂ ಕರೆದುಕೊಂಡು ಹೋಗಿ. ಕೆಳಗಿನ ಅಂತಸ್ತಿನ ಸಾಮಾನುಗಳ ಮುಂದೆ ಅವರನ್ನು ನಿಲ್ಲಿಸಿ ಒಂದೊಂದರ ಹೆಸರು ಕೇಳಿ. ಬೋರ್ಡಿನಲ್ಲಿ ಬರೆಯದೇ ಇರೋದನ್ನು ಅವರು ಹೇಳುತ್ತಾರೆ.